ರೂಸ್‌ವೆಲ್ಟ್ ಐಲ್ಯಾಂಡ್ ನೋಡುವುದು ಹೇಗೆ: ಟ್ರಾಮ್ ಫೋಟೋ ಆದ ಮೇಲೆ ಒಬ್ಬ ಡಾಕ್ಟರ ಜಾಡು ಹಿಡಿದು

ನ್ಯೂಜೆರ್ಸಿಗೋ ಕ್ವೀನ್ಸ್‌ಗೋ ಊರಿಂದ ಅಪ್ಪ ಅಮ್ಮ ಬಂದರೆ ತೋರಿಸುವ ಜಾಗಗಳ ಪಟ್ಟಿ ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ. ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಬ್ರೂಕ್ಲಿನ್ ಸೇತುವೆ. ಈಚೆಗೆ ಆ ಪಟ್ಟಿಗೆ ರೂಸ್‌ವೆಲ್ಟ್ ಐಲ್ಯಾಂಡ್ ಕೂಡ ಸೇರಿದೆ, ಅದೂ ಟ್ರಾಮ್ ದೆಸೆಯಿಂದ. ತಂತಿ ಮೇಲೆ ತೇಲಿಕೊಂಡು ಈಸ್ಟ್ ರಿವರ್ ದಾಟುವುದು, ಆಚೆ ಇಳಿದು ಸೇತುವೆ ಕೆಳಗೆ ನಾಲ್ಕು ಫೋಟೋ ತೆಗೆಯುವುದು, ಮುಂದಿನ ಟ್ರಾಮ್‌ನಲ್ಲಿ ವಾಪಸ್. ಅರ್ಧ ಗಂಟೆಯಲ್ಲಿ ಮುಗೀತು.

ಅಷ್ಟಕ್ಕೇ ಹೋಗುವುದಾದರೆ ಈ ಬರಹ ಓದಬೇಕಾಗಿಲ್ಲ. ಅರ್ಧ ದಿನ ಇಟ್ಟುಕೊಂಡು ಹೋಗುವವರಿಗೆ ಇದು. ಸುಮಾರು 3.2 ಕಿಲೋಮೀಟರ್ ಉದ್ದ, ಅಗಲ ಎಲ್ಲೂ 240 ಮೀಟರ್ ದಾಟದ ಈ ನೆಲದ ಪಟ್ಟಿ ನೂರು ವರ್ಷಕ್ಕೂ ಜಾಸ್ತಿ ಕಾಲ ನ್ಯೂಯಾರ್ಕ್ ನಗರ ತನಗೆ ಬೇಡವಾದವರನ್ನು ಸಾಗಹಾಕುವ ಜಾಗವಾಗಿತ್ತು. ಕೈದಿಗಳು, ಬಡವರು, ಸಿಡುಬು ಬಂದವರು, ಹುಚ್ಚು ಅಂತ ಮುದ್ರೆ ಬಿದ್ದವರು, ಎಲ್ಲರೂ ಇಲ್ಲಿಗೇ. ಆಮೇಲೆ ಒಬ್ಬ ಡಾಕ್ಟರು ನಗರಾಡಳಿತದಲ್ಲಿ ಕೂತು, ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೂ ಬಿಸಿಲು ಬೀಳುವ ಆಸ್ಪತ್ರೆ ಬೇಕು ಅಂತ ಹಟ ಹಿಡಿದು ಇದೇ ದ್ವೀಪದಲ್ಲಿ ಕಟ್ಟಿಸಿದರು. ಅವರ ಹೆಸರು ಎಸ್. ಎಸ್. ಗೋಲ್ಡ್‌ವಾಟರ್. ದ್ವೀಪವನ್ನು ಅವರ ಜೊತೆ ಸೇರಿಸಿ ನೋಡಿದರೆ ಒಂದೊಂದು ಕಲ್ಲಿಗೂ ಅರ್ಥ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಹಾಗೆ ನೋಡುವುದು ಹೇಗೆ ಅಂತ ಹೇಳ್ತೀನಿ.

ಹೊರಡುವ ಮುಂಚೆ ಮನೆಯಲ್ಲೇ ಒಂದು ಗಂಟೆ

ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಹುಡುಕಿದ್ದೆಲ್ಲ ದಾರಿ ತಪ್ಪುತ್ತದೆ. ವಾಷಿಂಗ್ಟನ್‌ನಲ್ಲಿ ಪೊಟೋಮ್ಯಾಕ್ ನದಿಯ ನಡುವೆ ಇನ್ನೊಂದು ರೂಸ್‌ವೆಲ್ಟ್ ದ್ವೀಪ ಇದೆ. ಅದು ಥಿಯೋಡೋರ್ ಹೆಸರಿನದು, ನಮ್ಮದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆಸರಿನದು. ಅದೂ ಈ ಹೆಸರು ಬಂದದ್ದು 1973ರಲ್ಲಿ. 1921ರಿಂದ ಅಲ್ಲಿಯ ತನಕ ವೆಲ್ಫೇರ್ ಐಲ್ಯಾಂಡ್. ಅದಕ್ಕೂ ಮುಂಚೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬ್ಲ್ಯಾಕ್‌ವೆಲ್ಸ್ ಐಲ್ಯಾಂಡ್. ಡಚ್ಚರ ಕಾಲದಲ್ಲಿ ಹಂದಿಗಳ ದ್ವೀಪ. ಇಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನ ಮಿನ್ನಹನಾಂಕ್ ಅನ್ನುತ್ತಿದ್ದರು. ಹಳೇ ಪತ್ರಿಕೆ, ಹಳೇ ಫೋಟೋ ಹುಡುಕುವಾಗ ಆಯಾ ಕಾಲದ ಹೆಸರು ಹಾಕಿ. ರೂಸ್‌ವೆಲ್ಟ್ ಅಂತ ಹಾಕಿ 1890ರ ಚಿತ್ರ ಹುಡುಕಿದರೆ ಏನೂ ಸಿಗುವುದಿಲ್ಲ.

ಬ್ಲ್ಯಾಕ್‌ವೆಲ್ ಹೆಸರು ಬಂದದ್ದರ ಹಿಂದೆ ಒಂದು ತಮಾಷೆಯ ಕತೆ ಇದೆ. ಕ್ಯಾಪ್ಟನ್ ಜಾನ್ ಮ್ಯಾನಿಂಗ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ಇದ್ದ. 1673ರಲ್ಲಿ ಡಚ್ಚರ ಹಡಗುಗಳು ಬಂದಾಗ ನ್ಯೂಯಾರ್ಕನ್ನು ಅವರ ಕೈಗೆ ಒಪ್ಪಿಸಿಬಿಟ್ಟ. ಅದಕ್ಕೆ ಎಲ್ಲರೆದುರು ಅವನ ಕತ್ತಿ ಮುರಿದು ಅವಮಾನ ಮಾಡಿದರು. ಅವನು ಬಂದು ಈ ದ್ವೀಪದಲ್ಲಿ ಕೂತ. ಆಮೇಲೆ ಅವನ ಮಲಮಗಳ ಗಂಡ ರಾಬರ್ಟ್ ಬ್ಲ್ಯಾಕ್‌ವೆಲ್‌ಗೆ ದ್ವೀಪ ಹೋಯಿತು. ಅಂದರೆ ಊರಿಗೆ ಬೇಡವಾದವರು ಇಲ್ಲಿಗೆ ಬರುವುದು ಆಗಲೇ ಶುರುವಾಗಿತ್ತು. ಅಂದಹಾಗೆ ಅಮೆರಿಕದ ಮೊದಲ ಮಹಿಳಾ ಡಾಕ್ಟರ್ ಎಲಿಜಬೆತ್ ಬ್ಲ್ಯಾಕ್‌ವೆಲ್‌ಗೂ ಈ ಹೆಸರಿಗೂ ಸಂಬಂಧ ಇಲ್ಲ.

ಡಾಕ್ಟರ ಹೆಸರು ಹುಡುಕುವಾಗಲೂ ಇದೇ ಎಚ್ಚರ. ಸುಮ್ನೆ ಗೋಲ್ಡ್‌ವಾಟರ್ ಅಂತ ಹಾಕಿದರೆ ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಬರುತ್ತಾರೆ, ಪುಟಗಟ್ಟಲೆ. ಸಿಗಿಸ್ಮಂಡ್ ಶುಲ್ಜ್ ಗೋಲ್ಡ್‌ವಾಟರ್ ಅಂತ ಪೂರ್ತಿ ಹಾಕಿ.

ಇನ್ನೊಂದು ಕೆಲಸ ಮಾಡಿ, ಇದು ತಪ್ಪಿಸಬೇಡಿ. ನ್ಯೂಯಾರ್ಕ್ ನಗರವನ್ನು ವಿಮಾನದಿಂದ ತೆಗೆದ ಹಳೇ ಚಿತ್ರಗಳು ಆನ್‌ಲೈನ್ ನಕ್ಷೆಯಲ್ಲಿ ಸಿಗುತ್ತವೆ, 1924ರದು ಒಂದು, 1951ರದು ಒಂದು. ಎರಡರಲ್ಲೂ ಕ್ವೀನ್ಸ್‌ಬರೋ ಸೇತುವೆಯ ದಕ್ಷಿಣದ ತುಂಡನ್ನು ಹಿಗ್ಗಿಸಿ ನೋಡಿ. 1924ರಲ್ಲಿ ಅಲ್ಲಿ ಉದ್ದನೆಯ ಜೈಲು. 1951ರಲ್ಲಿ ಅದೇ ಜಾಗದಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೈ ಚಾಚಿದ ಕಟ್ಟಡಗಳು ಸಾಲಾಗಿ ಕಾಣುತ್ತವೆ. ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ಆ ವಿ ಆಕಾರವೇ ನಮ್ಮ ಡಾಕ್ಟರ ಕೈಬರಹ. ಈಗ ಅಲ್ಲಿ ಹೋದರೆ ಒಂದೂ ಇಲ್ಲ.

ಡಾಕ್ಟರನ್ನು ಓದುವ ಬಗೆ

ಆರೋಗ್ಯ ನೀತಿಯಲ್ಲಿ ಕೆಲಸ ಮಾಡಿದ ಡಾಕ್ಟರ ಬದುಕನ್ನು ಓದುವುದು ಸ್ವಲ್ಪ ಬೇಜಾರಿನ ಕೆಲಸ ಅನಿಸಬಹುದು. ಆಪರೇಷನ್ ಕತೆ ಇಲ್ಲ, ಹೊಸ ಔಷಧಿ ಕಂಡುಹಿಡಿದ ರಾತ್ರಿ ಇಲ್ಲ. ಬರೀ ಹುದ್ದೆಗಳ ಪಟ್ಟಿ. ಅದಕ್ಕೆ ನಾನು ಒಂದು ಉಪಾಯ ಹೇಳ್ತೀನಿ. ಪ್ರತಿ ಹುದ್ದೆಗೂ ಎರಡು ಪ್ರಶ್ನೆ ಹಾಕಿ. ದುಡ್ಡು ಯಾರು ಕೊಡುತ್ತಿದ್ದರು? ಯಾವ ರೋಗಿ ಹೊರಗೆ ಉಳಿದಿದ್ದ? ಹುದ್ದೆಯ ಹೆಸರು ಮರೆತುಹೋದರೂ ಈ ಎರಡಕ್ಕೆ ಸಿಕ್ಕ ಉತ್ತರ ಮರೆಯುವುದಿಲ್ಲ.

ಗೋಲ್ಡ್‌ವಾಟರ್ 1873ರಲ್ಲಿ ನ್ಯೂಯಾರ್ಕಿನಲ್ಲೇ ಹುಟ್ಟಿದವರು. 1901ರಲ್ಲಿ ಡಾಕ್ಟರ್ ಡಿಗ್ರಿ. ಆದರೆ ಕ್ಲಿನಿಕ್ ಇಟ್ಟುಕೊಂಡು ಕೂರಲಿಲ್ಲ. 1903ಕ್ಕೇ ಮೌಂಟ್ ಸಿನಾಯ್ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆದರು. ಮರುವರ್ಷ ಆ ಆಸ್ಪತ್ರೆ ಸೆಂಟ್ರಲ್ ಪಾರ್ಕಿನ ಎದುರು ಫಿಫ್ತ್ ಅವೆನ್ಯೂದ ಹೊಸ ಕಟ್ಟಡಗಳಿಗೆ ಹೋಯಿತು. 1906ರಲ್ಲಿ ಅಲ್ಲಿ ಸಮಾಜಸೇವಾ ವಿಭಾಗ ಶುರುವಾಯಿತು, ಅಂದರೆ ವಾರ್ಡಿನಿಂದ ಮನೆಗೆ ಕಳಿಸಿದ ರೋಗಿಗೆ ಮನೆಯಲ್ಲಿ ಊಟ ಇದೆಯಾ, ನೋಡಿಕೊಳ್ಳುವವರು ಇದ್ದಾರಾ ಅಂತ ವಿಚಾರಿಸುವ ಕೆಲಸ. ಇವತ್ತಿಗೂ ನಮ್ಮಲ್ಲಿ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸ ಹೆಸರಿಗೆ ಮಾತ್ರ ಇರುತ್ತದೆ, ಅಲ್ವಾ? 1908ರಲ್ಲಿ ಅವರು ಅಮೆರಿಕದ ಆಸ್ಪತ್ರೆಗಳ ಸಂಘದ ಅಧ್ಯಕ್ಷರೂ ಆದರು. ಆಸ್ಪತ್ರೆ ನಡೆಸುವುದೇ ಒಂದು ವಿದ್ಯೆ ಅಂತ ನಂಬಿದ ತಲೆಮಾರು ಅದು.

1914ರಲ್ಲಿ ಅವರು ನಗರದ ಆರೋಗ್ಯ ಕಮಿಷನರ್. ಇದ್ದದ್ದು ಎರಡೇ ವರ್ಷ. ನನಗೆ ಅವರ ಇಡೀ ಬದುಕಿನಲ್ಲಿ ಜಾಸ್ತಿ ಇಷ್ಟವಾಗುವುದು ಈ ಎರಡು ವರ್ಷ. ಜನರಿಗೆ ಆರೋಗ್ಯದ ತಿಳಿವಳಿಕೆ ಕೊಡುವುದಕ್ಕೇ ಇಲಾಖೆಯಲ್ಲಿ ಒಂದು ಪ್ರತ್ಯೇಕ ವಿಭಾಗ ತೆರೆದರು. ಲೋವರ್ ಈಸ್ಟ್ ಸೈಡಿನ ಕಿಕ್ಕಿರಿದ ಒಂದು ತುಂಡನ್ನು ಆರಿಸಿಕೊಂಡು, ಅಲ್ಲಿನ ಎಲ್ಲ ಆರೋಗ್ಯ ಕೆಲಸವನ್ನೂ ಅಲ್ಲೇ ಕೂತು ನೋಡಿಕೊಳ್ಳುವ ಆರೋಗ್ಯ ಜಿಲ್ಲೆ ಅನ್ನುವ ಪ್ರಯೋಗ ಶುರುಮಾಡಿದರು. ಪೇಟೆಯಲ್ಲಿ ಮಾರುವ ರೆಡಿಮೇಡ್ ಔಷಧಿ ಸೀಸೆಯೊಳಗೆ ಏನಿದೆ ಅಂತ ಕಂಪನಿಗಳು ಇಲಾಖೆಗೆ ತಿಳಿಸಲೇಬೇಕು ಅಂತ ನಿಯಮ ತಂದರು. ಕಂಪನಿಗಳು ಕೋರ್ಟಿಗೆ ಹೋದವು, ನಿಯಮ ನಿಲ್ಲಲಿಲ್ಲ. ಹಾಗಂತ ಕೇಳಿದ್ದು ತಪ್ಪಾ? ಇವತ್ತು ಔಷಧಿ ಡಬ್ಬಿಯ ಹಿಂಭಾಗ ಓದುವಾಗ ಒಮ್ಮೆ ಯೋಚನೆ ಮಾಡಿ.

ಆಮೇಲೆ ತುಂಬಾ ವರ್ಷ ಅವರು ಆಸ್ಪತ್ರೆ ಕಟ್ಟುವವರಿಗೆ ಸಲಹೆಗಾರರಾಗಿದ್ದರು. ಇದನ್ನು ಬೇಗ ದಾಟಿಬಿಡಿ, 1934ಕ್ಕೆ ಬನ್ನಿ.

ಆ ವರ್ಷ ಜನವರಿಯಲ್ಲಿ ಫಿಯೊರೆಲ್ಲೊ ಲಾ ಗಾರ್ಡಿಯಾ ಮೇಯರ್ ಆದರು. ಅದೇ ತಿಂಗಳು ಅವರ ಜೈಲು ಕಮಿಷನರ್ ಆಸ್ಟಿನ್ ಮೆಕಾರ್ಮಿಕ್ ವೆಲ್ಫೇರ್ ಐಲ್ಯಾಂಡಿನ ಜೈಲಿನ ಮೇಲೆ ದಿಢೀರ್ ದಾಳಿ ಮಾಡಿದರು. ಒಳಗೆ ಕಂಡದ್ದು ಸಿನಿಮಾ ಥರ. ಜೋಯಿ ರಾವೊ, ಎಡ್ವರ್ಡ್ ಕ್ಲಿಯರಿ ಅನ್ನುವ ಇಬ್ಬರು ಗ್ಯಾಂಗ್ ಯಜಮಾನರು ಜೈಲಿನ ಆಸ್ಪತ್ರೆ ವಾರ್ಡುಗಳನ್ನೇ ತಮ್ಮ ಬಂಗಲೆ ಮಾಡಿಕೊಂಡಿದ್ದರು. ಒಬ್ಬ ಪಾರಿವಾಳ ಸಾಕಿದ್ದ, ಇನ್ನೊಬ್ಬ ನಾಯಿ. ಒಳಗೆ ಹೆರಾಯಿನ್ ಓಡಾಡುತ್ತಿತ್ತು. ನಿಜವಾಗಿ ಕಾಯಿಲೆ ಬಿದ್ದ ಕೈದಿಗಳಿಗೆ ಆಸ್ಪತ್ರೆಯಲ್ಲೇ ಜಾಗ ಇರಲಿಲ್ಲ. ಆ ಹೊತ್ತಿಗೆ ರೈಕರ್ಸ್ ಐಲ್ಯಾಂಡಿನಲ್ಲಿ ಹೊಸ ಜೈಲು ಸಿದ್ಧವಾಗುತ್ತಿತ್ತು. 1935ರಲ್ಲಿ ಕೈದಿಗಳನ್ನು ಅಲ್ಲಿಗೆ ಕಳಿಸಿದರು, 1936ರಲ್ಲಿ ಹಳೇ ಜೈಲು ಕೆಡವಿದರು.

ಲಾ ಗಾರ್ಡಿಯಾ ಅದೇ 1934ರಲ್ಲಿ ಗೋಲ್ಡ್‌ವಾಟರ್ ಅವರನ್ನು ನಗರದ ಆಸ್ಪತ್ರೆಗಳ ಕಮಿಷನರ್ ಮಾಡಿದ್ದರು. ಅಲ್ಲಿ ಅವರಿಗೆ ಎದುರಾದ ಸಮಸ್ಯೆ ಇದು: ನಗರದ ಆಸ್ಪತ್ರೆಗಳ ಹಾಸಿಗೆಗಳಲ್ಲಿ ಪಾರ್ಶ್ವವಾಯು, ಸಂಧಿವಾತ, ಹೃದ್ರೋಗ ಅಂತ ತಿಂಗಳು ವರ್ಷ ಮಲಗಿರುವವರು ತುಂಬಿದ್ದರು. ತುರ್ತು ರೋಗಿಗೆ ಹಾಸಿಗೆ ಇಲ್ಲ, ಇವರಿಗೆ ಸರಿಯಾದ ಆರೈಕೆಯೂ ಇಲ್ಲ. ವಾಸಿಯಾಗದ ರೋಗಿಯನ್ನು ಡಾಕ್ಟರುಗಳು ದಿನಾ ನೋಡಿ ಏನು ಮಾಡುವುದು ಅನ್ನುವ ಮನೋಭಾವ. ಗೋಲ್ಡ್‌ವಾಟರ್ ವಾದ ತಿರುಗುಮುರುಗು: ಇವರಿಗೇ ಬೇರೆ ಆಸ್ಪತ್ರೆ ಬೇಕು, ಅದು ಅನಾಥಾಲಯದ ಹಾಗಿರದೆ ಮೆಡಿಕಲ್ ಕಾಲೇಜಿನ ಸಂಶೋಧಕರು ಒಳಗೇ ಕೆಲಸ ಮಾಡುವ ಜಾಗ ಆಗಬೇಕು.

ಜೈಲು ಕೆಡವಿದ ನೆಲದಲ್ಲೇ 1939ರಲ್ಲಿ ದೀರ್ಘಕಾಲದ ಕಾಯಿಲೆಗಳ ವೆಲ್ಫೇರ್ ಆಸ್ಪತ್ರೆ ತೆರೆಯಿತು. ಆರ್ಥಿಕ ಕುಸಿತದ ಕಾಲದಲ್ಲಿ ಕೇಂದ್ರ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡಲು ನಡೆಸಿದ ಡಬ್ಲ್ಯೂಪಿಎ ಯೋಜನೆಯ ದುಡ್ಡು, ದುಡಿಮೆ ಇದರಲ್ಲಿತ್ತು. ವಾಸ್ತುಶಿಲ್ಪಿ ಐಸಡೋರ್ ರೋಸೆನ್‌ಫೀಲ್ಡ್. ಎತ್ತರದ ಗೋಪುರ ಕಟ್ಟದೆ ತಗ್ಗಾಗಿ, ಕೈ ಅಗಲಿಸಿದ ಹಾಗೆ ಕಟ್ಟಿದ್ದು ಯಾಕೆ ಅಂದ್ರೆ ಮಲಗಿದಲ್ಲಿಗೇ ಬಿಸಿಲು, ಗಾಳಿ ಬರಲಿ ಅಂತ. ವರ್ಷಗಟ್ಟಲೆ ಒಂದೇ ಕಿಟಕಿ ನೋಡುವವರಿಗೆ ಆ ಕಿಟಕಿ ಎತ್ತ ಮುಖ ಮಾಡಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ನೀತಿ ಅಂದ ಕೂಡಲೇ ನಾವು ಫೈಲು, ಸಮಿತಿ ಅಂದುಕೊಳ್ಳುತ್ತೇವೆ, ಇಲ್ಲಿ ಅದು ಗೋಡೆಯ ಕೋನವಾಗಿ ನಿಂತಿತ್ತು.

1940ರಲ್ಲಿ ಅವರು ಆ ಹುದ್ದೆ ಬಿಟ್ಟು ನ್ಯೂಯಾರ್ಕಿನ ಅಸೋಸಿಯೇಟೆಡ್ ಹಾಸ್ಪಿಟಲ್ ಸರ್ವಿಸ್ ಅಧ್ಯಕ್ಷರಾದರು. ಇದು ಬ್ಲೂ ಕ್ರಾಸ್ ವಿಮೆಯ ನ್ಯೂಯಾರ್ಕ್ ಶಾಖೆ, ದಿನಕ್ಕೆ ಮೂರು ಸೆಂಟ್ ಕಟ್ಟಿ ಅಂತ ಜನರನ್ನು ಸೇರಿಸಿಕೊಂಡು ಬೆಳೆದದ್ದು. ಆಸ್ಪತ್ರೆ ನಡೆಸಿದರು, ರೋಗ ಬಾರದಂತೆ ನೋಡುವ ಇಲಾಖೆ ನಡೆಸಿದರು, ಬಡವರ ಆಸ್ಪತ್ರೆಗಳನ್ನು ನಡೆಸಿದರು, ಕೊನೆಗೆ ಬಿಲ್ಲು ಕಟ್ಟುವ ಕಡೆ ಬಂದು ಕೂತರು. 1942ರಲ್ಲಿ ತೀರಿಕೊಂಡರು. ಆಮೇಲೆ ದ್ವೀಪದ ಆಸ್ಪತ್ರೆಗೆ ಅವರ ಹೆಸರು ಬಂತು. ಅವರ ಲೇಖನಗಳನ್ನು ಸೇರಿಸಿ 1947ರಲ್ಲಿ ಪುಸ್ತಕ ಮಾಡಿದ್ದಾರೆ. ಆಸಕ್ತಿ ಇದ್ದವರು ಲೈಬ್ರರಿಯಲ್ಲಿ ಅವರ ಹೆಸರಿನ ಕೆಳಗೆ ಹುಡುಕಿ. 1914, 1915ರ ಆರೋಗ್ಯ ಇಲಾಖೆಯ ವಾರ್ಷಿಕ ವರದಿಗಳನ್ನೂ ನೋಡಿ. ಬೋರು ಹೊಡೆಸುವ ವರದಿ ಅಂದುಕೊಂಡು ಶುರುಮಾಡಿದರೆ ಮಧ್ಯದಲ್ಲಿ ನಿಲ್ಲಿಸುವುದು ಕಷ್ಟ.

ಹೋಗುವುದು

ಹೋಗುವಾಗ ಟ್ರಾಮ್, ಬರುವಾಗ ರೈಲು. ಟ್ರಾಮ್ ನಿಲ್ದಾಣ ಮ್ಯಾನ್‌ಹಟನ್‌ನ ಸೆಕೆಂಡ್ ಅವೆನ್ಯೂ ಮೇಲೆ, 59 ಮತ್ತು 60ನೇ ಬೀದಿಗಳ ಹತ್ತಿರ. ಸಬ್‌ವೇಯಲ್ಲಿ ಲೆಕ್ಸಿಂಗ್ಟನ್ ಅವೆನ್ಯೂ 59ನೇ ಬೀದಿಗೆ ಬಂದು ಪೂರ್ವಕ್ಕೆ ನಡೆಯಿರಿ. ಪ್ರತ್ಯೇಕ ಟಿಕೆಟ್ ಬೇಡ, ಸಬ್‌ವೇಗೆ ತಟ್ಟುವ ಕಾರ್ಡನ್ನೋ ಫೋನನ್ನೋ ಇಲ್ಲೂ ತಟ್ಟಿದರೆ ಆಯಿತು. ಶನಿವಾರ ಭಾನುವಾರ ಮಧ್ಯಾಹ್ನ ಸಾಲು ಉದ್ದ. ಏಪ್ರಿಲ್‌ನಲ್ಲಿ ಚೆರ್ರಿ ಹೂವಿನ ಕಾಲಕ್ಕಂತೂ ಕೇಳಲೇಬೇಡಿ. ವಾರದ ನಡುವೆ ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗಿ, ಆದರೆ ಮಂಗಳವಾರ ಬಿಟ್ಟು. ಆ ದಿನ ದಕ್ಷಿಣ ತುದಿಯ ಫೋರ್ ಫ್ರೀಡಮ್ಸ್ ಪಾರ್ಕಿಗೆ ರಜೆ.

ಟ್ರಾಮ್ ಒಳಗೆ ದಕ್ಷಿಣದ ಕಿಟಕಿ ಹಿಡಿಯಿರಿ. ದ್ವೀಪ ಹತ್ತಿರ ಬರುವಾಗ ಆ ಕಡೆ, ಸೇತುವೆಯ ಆಚೆಗಿರುವುದೇ ನಿಮ್ಮ ಫೋನಿನಲ್ಲಿರುವ ಹಳೇ ಚಿತ್ರದ ಜಾಗ. ಕೆಳಗೆ ಹರಿಯುವುದು ಹೆಸರಿಗೆ ನದಿ, ನಿಜಕ್ಕೆ ಉಬ್ಬರವಿಳಿತಕ್ಕೆ ದಿಕ್ಕು ಬದಲಿಸುವ ಜಲಸಂಧಿ. ಆ ಸೆಳೆತವೇ ಇಲ್ಲಿನ ಜೈಲಿಗೆ ಅರ್ಧ ಕಾವಲು.

ಇಳಿದ ಕೂಡಲೇ ಹಳೇ ಕಾಲದ ಸಣ್ಣ ಕಿಯಾಸ್ಕ್ ಕಾಣುತ್ತದೆ. 1909ರಲ್ಲಿ ಸೇತುವೆ ತೆರೆದಾಗ ಟ್ರಾಲಿ ಪ್ರಯಾಣಿಕರಿಗೆ ಅಂತ ಮ್ಯಾನ್‌ಹಟನ್ ಕಡೆ ಕಟ್ಟಿದ್ದು, ಈಗ ಇಲ್ಲಿನ ಇತಿಹಾಸ ಸಂಘದವರು ನಡೆಸುತ್ತಾರೆ. ನಕ್ಷೆ ತಗೊಳ್ಳಿ, ಕೂತಿರುವವರ ಹತ್ತಿರ ಮಾತಾಡಿ. ಅವರಲ್ಲಿ ಕೆಲವರು ದಶಕಗಳಿಂದ ದ್ವೀಪದಲ್ಲೇ ಇರುವವರು.

ಆಮೇಲೆ ಎಲ್ಲರೂ ದಕ್ಷಿಣಕ್ಕೆ ತಿರುಗುತ್ತಾರೆ. ನೀವು ಕೆಂಪು ಬಸ್ ಹತ್ತಿ ಉತ್ತರಕ್ಕೆ ಹೋಗಿ. ಬಸ್ ಪುಕ್ಕಟೆ. ಉತ್ತರ ತುದಿಯಿಂದ ನಡೆದುಕೊಂಡು ಬಂದರೆ ಹುಚ್ಚಾಸ್ಪತ್ರೆ, ಬಡವರ ಚರ್ಚು, ಜೈಲಿದ್ದ ಜಾಗ, ಸಿಡುಬಿನ ಆಸ್ಪತ್ರೆ ಒಂದಾದ ಮೇಲೊಂದು ಸಿಗುತ್ತವೆ. ಮಂಡಿ ನೋವಿನ ಹಿರಿಯರಿದ್ದರೆ ನಡುನಡುವೆ ಬಸ್ ಹತ್ತಿಸಿ. ನೀರಿನ ಮೇಲಿಂದ ಬೀಸುವ ಗಾಳಿ ಮೇ ತಿಂಗಳಲ್ಲೂ ಚಳಿ ಹಿಡಿಸುತ್ತದೆ, ಒಂದು ಜಾಕೆಟ್ ಜಾಸ್ತಿ ಇರಲಿ.

ಉತ್ತರ ತುದಿಯಿಂದ ಸೇತುವೆ ತನಕ

ತುದಿಯಲ್ಲಿ 1872ರ ಕಲ್ಲಿನ ದೀಪಸ್ತಂಭ, 50 ಅಡಿ ಎತ್ತರ. ಅದರ ಹತ್ತಿರ 2021ರಲ್ಲಿ ತೆರೆದ ಸ್ಮಾರಕ ಇದೆ, ಹೆಂಗಸರ ದೊಡ್ಡ ದೊಡ್ಡ ಮುಖಗಳು. ಇದು ನೆಲ್ಲಿ ಬ್ಲೈ ನೆನಪಿಗೆ. 1887ರಲ್ಲಿ, 23ನೇ ವಯಸ್ಸಿನಲ್ಲಿ ಆಕೆ ಹುಚ್ಚಿಯ ಹಾಗೆ ನಟಿಸಿ ಇಲ್ಲಿನ ಹುಚ್ಚಾಸ್ಪತ್ರೆ ಸೇರಿದಳು. ಹತ್ತು ದಿನ ಒಳಗಿದ್ದಳು. ಕೊಳೆತ ಊಟ, ಮಂಜಿನಂಥ ನೀರಿನ ಸ್ನಾನ, ಹೊಡೆತ, ಎಲ್ಲವನ್ನೂ ಪುಲಿಟ್ಜರ್ ಅವರ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಬರೆದಳು. ವಿಚಾರಣೆ ಆಯಿತು, ನಗರ ಜಾಸ್ತಿ ದುಡ್ಡು ಕೊಟ್ಟಿತು. ಆಕೆ ಹೇಳಿದ್ದರಲ್ಲಿ ಗಮನಿಸಬೇಕಾದ ಒಂದು ವಿಷಯ: ಒಳಗಿದ್ದವರಲ್ಲಿ ಕೆಲವರಿಗೆ ಹುಚ್ಚೇ ಇರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ ಅಷ್ಟೆ. ಹೊರದೇಶದಿಂದ ಬಂದ ಬಡ ಹೆಂಗಸರು, ಹೇಳಿದ್ದು ಡಾಕ್ಟರಿಗೆ ಅರ್ಥವಾಗಲಿಲ್ಲ. ಊರಿಂದ ಬಂದ ಅಮ್ಮನನ್ನು ಇಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ.

ಪಕ್ಕದಲ್ಲೇ 1952ರ ಕೋಲರ್ ಆಸ್ಪತ್ರೆ, ಇನ್ನೂ ನಡೆಯುತ್ತಿದೆ. ವ್ಹೀಲ್‌ಚೇರಿನಲ್ಲಿ ಹೊರಗೆ ಬಿಸಿಲಿಗೆ ಬಂದವರು ಇರುತ್ತಾರೆ. ಅವರ ಮನೆ ಅದು, ಕ್ಯಾಮೆರಾ ಒಳಗಿಡಿ.

ಸ್ವಲ್ಪ ದಕ್ಷಿಣಕ್ಕೆ ಬಂದರೆ ಆಕ್ಟಗನ್. 1839ರಲ್ಲಿ ತೆರೆದ ಹುಚ್ಚಾಸ್ಪತ್ರೆಯ ಎಂಟು ಮೂಲೆಯ ನಡುಭಾಗ ಇದೊಂದೇ ಉಳಿದಿರುವುದು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಂದು ಮೆಟ್ಟಿಲನ್ನು ಮೆಚ್ಚಿ, ಒಳಗಿನ ಸ್ಥಿತಿಗೆ ಬೇಸರಪಟ್ಟು ಹೋಗಿದ್ದರು. ಆ ಕಾಲದಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಪಕ್ಕದ ಜೈಲಿನ ಕೈದಿಗಳನ್ನೇ ಕಳಿಸುತ್ತಿದ್ದರು, ಸಂಬಳ ಉಳಿಯಿತಲ್ಲ! 1894ರಲ್ಲಿ ಮಾನಸಿಕ ರೋಗಿಗಳನ್ನು ವಾರ್ಡ್ಸ್ ಐಲ್ಯಾಂಡಿಗೆ ಸಾಗಿಸಿದರು, ಇಲ್ಲಿಗೆ ಮೆಟ್ರೊಪಾಲಿಟನ್ ಆಸ್ಪತ್ರೆ ಬಂತು, 1955ರಲ್ಲಿ ಅದೂ ಹೋಯಿತು. ಈಗ ಆಕ್ಟಗನ್ ದುಬಾರಿ ಅಪಾರ್ಟ್‌ಮೆಂಟಿನ ಮುಂಬಾಗಿಲು. ಒಳಗೆ ಇಣುಕುವ ಮುನ್ನ ಬಾಗಿಲಲ್ಲಿರುವವರನ್ನು ಕೇಳಿ.

ಮುಂದೆ ಮೇನ್ ಸ್ಟ್ರೀಟ್. 1969ರಲ್ಲಿ ನಗರ ಈ ದ್ವೀಪವನ್ನು ರಾಜ್ಯಕ್ಕೆ 99 ವರ್ಷದ ಲೀಸಿಗೆ ಕೊಟ್ಟಿತು, ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗೀ ಹೊಸ ಊರಿನ ನಕ್ಷೆ ಹಾಕಿದರು. 1975ರಿಂದ ಜನ ವಾಸಕ್ಕೆ ಬಂದರು. ಕಾಂಕ್ರೀಟ್ ಕಟ್ಟಡಗಳು ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಇಲ್ಲಿನ ಕಸದ ವ್ಯವಸ್ಥೆ ಹಿಡಿಸಿತು. ಮನೆಮನೆಯ ಕಸ ನೆಲದಡಿಯ ಕೊಳವೆಯಲ್ಲಿ ಗಾಳಿಯ ಸೆಳೆತಕ್ಕೆ ಓಡಿಹೋಗುತ್ತದೆ. ಬೆಂಗಳೂರಿನವರು ಒಂದು ನಿಮಿಷ ನಿಂತು ನಿಟ್ಟುಸಿರು ಬಿಟ್ಟು ಮುಂದೆ ಹೋಗಿ. ಬೀದಿಯ ನಡುವೆ 1889ರ ಗುಡ್ ಶೆಫರ್ಡ್ ಚರ್ಚು, ಬಡವರ ಆಶ್ರಯದಲ್ಲಿದ್ದವರಿಗೆ ಕಟ್ಟಿದ್ದು. ಮುಂದೆ 1796ರ ಬ್ಲ್ಯಾಕ್‌ವೆಲ್ ಮನೆ. ಆ ಇಸವಿ ತಲೆಯಲ್ಲಿಡಿ, ದಕ್ಷಿಣ ತುದಿಯಲ್ಲಿ ಬೇಕಾಗುತ್ತದೆ. 1828ರಲ್ಲಿ ನಗರ ಇಡೀ ದ್ವೀಪವನ್ನು 32,000 ಡಾಲರಿಗೆ ಕೊಂಡಿತು, 1832ರ ಹೊತ್ತಿಗೆ ಜೈಲು ಎದ್ದಿತ್ತು.

ವಿ ಕಟ್ಟಡಗಳು ಇದ್ದ ಜಾಗ

ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಕಾರ್ನೆಲ್ ಟೆಕ್ ಕ್ಯಾಂಪಸ್. ಫೋನ್ ತೆಗೆದು 1951ರ ಚಿತ್ರ ತೆರೆಯಿರಿ. ನೀವು ನಿಂತಿರುವುದು ಗೋಲ್ಡ್‌ವಾಟರ್ ಆಸ್ಪತ್ರೆಯ ಮೇಲೆ. 2013ರ ಕೊನೆಗೆ ಅದನ್ನು ಮುಚ್ಚಿ ರೋಗಿಗಳನ್ನು ಬೇರೆಡೆಗೆ ಸಾಗಿಸಿದರು, ಆಮೇಲೆ ಕೆಡವಿದರು, 2017ರಲ್ಲಿ ಕ್ಯಾಂಪಸ್ ತೆರೆಯಿತು. ಒಂದು ಕಟ್ಟಡದ ಹೆಸರು ಟಾಟಾ ಇನ್ನೊವೇಷನ್ ಸೆಂಟರ್. ಟಿಸಿಎಸ್ 5 ಕೋಟಿ ಡಾಲರ್ ಕೊಟ್ಟಿದೆ. ಅಪ್ಪನಿಗೆ ಫೋಟೋ ಬೇಕೇ ಬೇಕು ಅಂದರೆ ಇಲ್ಲಿ ತೆಗೆಯಿರಿ.

ಆಸ್ಪತ್ರೆಯಲ್ಲಿ ಉಳಿದದ್ದು ಚಿತ್ರಗಳು. ರೋಗಿಗಳು ಹಗಲು ಕೂರುವ ಕೋಣೆಗಳ ಗೋಡೆಗೆ ಡಬ್ಲ್ಯೂಪಿಎ ಕಲಾವಿದರು ದೊಡ್ಡ ಚಿತ್ರಗಳನ್ನು ಬರೆದಿದ್ದರು, ಇಲ್ಯಾ ಬೊಲೊಟೊವ್ಸ್ಕಿಯ ಅಮೂರ್ತ ಚಿತ್ರವೂ ಅದರಲ್ಲಿ ಒಂದು. ಆಮೇಲೆ ಅವುಗಳ ಮೇಲೆ ಬಣ್ಣ ಬಳಿದುಬಿಟ್ಟಿದ್ದರು. ಕೆರೆದು ತೆಗೆದು ಉಳಿಸಿದ್ದನ್ನು ಈಗ ಕ್ಯಾಂಪಸ್ಸಿನಲ್ಲಿ ಇಟ್ಟಿದ್ದಾರೆ. ಬ್ಲೂಮ್‌ಬರ್ಗ್ ಸೆಂಟರ್ ಮುಂದಿನ ಮೇಜಿನಲ್ಲಿ ವಿಚಾರಿಸಿ. ಕಾಫಿ, ಶೌಚಾಲಯಕ್ಕೂ ಇದೇ ಜಾಗ ವಾಸಿ.

ಇಲ್ಲಿ ಹತ್ತು ನಿಮಿಷ ಕೂತು ಇನ್ನೊಂದು ಕತೆ ಹೇಳಿ. ಆಸ್ಪತ್ರೆಯೊಳಗೇ ಸಂಶೋಧನೆ ಬೇಕು ಅಂತ ಗೋಲ್ಡ್‌ವಾಟರ್ ಹಟ ಹಿಡಿದಿದ್ದರಲ್ಲ, ಅದರ ಫಲ ಅವರು ಹೋದ ಮೇಲೆ ಬಂತು. 1942ರಲ್ಲಿ ಜಪಾನ್ ಜಾವಾ ಹಿಡಿದಾಗ ಕ್ವಿನೈನ್ ಸಿಗುವುದು ನಿಂತುಹೋಯಿತು. ಪೆಸಿಫಿಕ್‌ನಲ್ಲಿದ್ದ ಸೈನಿಕರು ಮಲೇರಿಯಾಕ್ಕೆ ಬೀಳುತ್ತಿದ್ದರು. ಇದ್ದ ಬದಲಿ ಔಷಧಿ ಆಟಬ್ರಿನ್ ಹೊಟ್ಟೆ ಕೆಡಿಸುತ್ತಿತ್ತು, ಮೈ ಹಳದಿ ಮಾಡುತ್ತಿತ್ತು, ಸೈನಿಕರು ನುಂಗುತ್ತಿರಲಿಲ್ಲ. ಇಲ್ಲಿ ಜೇಮ್ಸ್ ಶಾನನ್ ಅವರ ತಂಡ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಅಳೆದು, ಮೊದಲು ದೊಡ್ಡ ಡೋಸ್, ಆಮೇಲೆ ಸಣ್ಣ ಡೋಸ್ ಅನ್ನುವ ಲೆಕ್ಕ ಕಂಡುಕೊಂಡಿತು. ಆ ಪರೀಕ್ಷೆಗೆ ರೋಗಿಗಳ ಮೈಗೆ ಬೇಕಂತಲೇ ಮಲೇರಿಯಾ ಹತ್ತಿಸಿದ್ದೂ ಉಂಟು. ಸಿಫಿಲಿಸ್‌ಗೆ ಮಲೇರಿಯಾ ಜ್ವರವೇ ಚಿಕಿತ್ಸೆ ಅಂತ ನಡೆಯುತ್ತಿದ್ದ ಕಾಲ ಅದು. ಇದನ್ನು ಬಿಟ್ಟು ಬರೀ ಸಾಧನೆ ಹೇಳುವುದು ಸರಿಯಲ್ಲ.

ಅದೇ ಪ್ರಯೋಗಾಲಯದಲ್ಲಿ ಬರ್ನಾರ್ಡ್ ಬ್ರೋಡಿ ಇದ್ದರು. 1946ರಲ್ಲಿ ಜೂಲಿಯಸ್ ಆಕ್ಸೆಲ್‌ರಾಡ್ ಬಂದು ಸೇರಿದರು. ಅಸೆಟನಿಲೈಡ್ ಅನ್ನುವ ಹಳೇ ನೋವಿನ ಔಷಧಿ ರಕ್ತವನ್ನು ಕೆಡಿಸುತ್ತಿತ್ತು, ಯಾಕೆ ಅಂತ ಇಬ್ಬರೂ ಹುಡುಕಿದರು. 1948ರಲ್ಲಿ ಉತ್ತರ ಬಂತು: ಮೈಯೊಳಗೆ ಆ ಔಷಧಿ ಒಡೆದು ಎರಡು ಕಡೆ ಹೋಗುತ್ತದೆ, ಒಂದು ತುಂಡು ರಕ್ತ ಕೆಡಿಸುತ್ತದೆ, ಇನ್ನೊಂದು ನೋವು ಕಳೆಯುತ್ತದೆ. ನೋವು ಕಳೆಯುವ ತುಂಡೇ ಪ್ಯಾರಾಸಿಟಮಾಲ್. ಹತ್ತೊಂಬತ್ತನೇ ಶತಮಾನದಲ್ಲೇ ತಯಾರಿಸಿ ಮರೆತುಬಿಟ್ಟಿದ್ದ ವಸ್ತು ಹೀಗೆ ಮತ್ತೆ ಮೇಲೆ ಬಂತು. ಬೆಂಗಳೂರಿನ ಕಂಪನಿಯ ಡೋಲೊ 650 ನಿಮ್ಮ ಬ್ಯಾಗಿನಲ್ಲಿ ಇದ್ದೇ ಇರುತ್ತದೆ. ಅದರ ವಂಶವೃಕ್ಷದ ಒಂದು ಕೊಂಬೆ ಈ ಹುಲ್ಲಿನ ಕೆಳಗಿದೆ.

ದಕ್ಷಿಣ ತುದಿ, ಆಮೇಲೆ ಊಟ

ಕ್ಯಾಂಪಸ್ ದಾಟಿದರೆ ಸೌತ್‌ಪಾಯಿಂಟ್. ಮೊದಲು ವ್ಹೀಲ್‌ಚೇರಿನಲ್ಲಿ ಕೂತು ಒಬ್ಬ ಹುಡುಗಿಯತ್ತ ಕೈ ಚಾಚಿದ ರೂಸ್‌ವೆಲ್ಟ್ ಪ್ರತಿಮೆ ನೋಡಿ. ಪೋಲಿಯೊ ಬಂದ ಅಧ್ಯಕ್ಷರು ಬದುಕಿದ್ದಾಗ ಕುರ್ಚಿ ಮರೆಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮುಂದೆ ಬೇಲಿಯೊಳಗೆ, ಬಳ್ಳಿ ಹಬ್ಬಿದ, ಸೂರಿಲ್ಲದ ಕಲ್ಲಿನ ಕಟ್ಟಡ. ಇದು 1856ರ ಸಿಡುಬಿನ ಆಸ್ಪತ್ರೆ, ಜೇಮ್ಸ್ ರೆನ್ವಿಕ್ ಜೂನಿಯರ್ ಮಾಡಿದ್ದು. ಕಲ್ಲು ಕಡಿದವರು ಕೈದಿಗಳು. ಎಡ್ವರ್ಡ್ ಜೆನ್ನರ್ ಮೊದಲ ಲಸಿಕೆ ಹಾಕಿದ್ದು 1796ರಲ್ಲಿ, ಬ್ಲ್ಯಾಕ್‌ವೆಲ್ ಮನೆ ಕಟ್ಟಿದ ವರ್ಷ. ಲಸಿಕೆ ಬಂದು 60 ವರ್ಷ ಆದ ಮೇಲೂ ಇಷ್ಟು ದೊಡ್ಡ ಸಿಡುಬಿನ ಆಸ್ಪತ್ರೆ ಬೇಕಾಯಿತು ಅಂದರೆ ಔಷಧಿ ಇರುವುದು ಬೇರೆ, ಅದು ಎಲ್ಲರ ತೋಳಿಗೆ ತಲುಪುವುದು ಬೇರೆ. ಗೋಲ್ಡ್‌ವಾಟರ್ ಆರೋಗ್ಯ ಜಿಲ್ಲೆ ಯಾಕೆ ಮಾಡಿದರು ಅನ್ನುವುದು ಇಲ್ಲಿ ನಿಂತರೆ ಪಕ್ಕಾ ಆಗುತ್ತದೆ. ಆಮೇಲೆ ರೋಗಿಗಳನ್ನು ನಾರ್ತ್ ಬ್ರದರ್ ಐಲ್ಯಾಂಡಿಗೆ ಕಳಿಸಿ ಇದನ್ನು ನರ್ಸಿಂಗ್ ಶಾಲೆಗೆ ಕೊಟ್ಟರು. ಬೇಲಿ ಹಾರಬೇಡಿ, ಕಲ್ಲುಗಳು ಸಡಿಲ. ಹತ್ತಿರದಲ್ಲೇ 1892ರ ಸ್ಟ್ರೆಕರ್ ಪ್ರಯೋಗಾಲಯ, ಪುಟ್ಟದು, ಗಮನಿಸದೆ ದಾಟಿಬಿಡುತ್ತೀರಿ.

ಕೊನೆಗೆ ಫೋರ್ ಫ್ರೀಡಮ್ಸ್ ಪಾರ್ಕ್. ಲೂಯಿ ಕಾನ್ ಇದರ ವಿನ್ಯಾಸ ಮಾಡಿದವರು. 1974ರಲ್ಲಿ ಅಹಮದಾಬಾದಿನಿಂದ, ಅಲ್ಲಿನ ಐಐಎಂ ಕೆಲಸ ನೋಡಿ ವಾಪಸ್ ಬರುತ್ತಾ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ ತೀರಿಕೊಂಡರು. ಪಾರ್ಕ್ ತೆರೆದದ್ದು 2012ರಲ್ಲಿ. ರೂಸ್‌ವೆಲ್ಟ್ 1941ರ ಭಾಷಣದಲ್ಲಿ ಹೇಳಿದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಮೂರನೆಯದು ಕೊರತೆಯಿಂದ ಬಿಡುಗಡೆ. ಆ ಮಾತನ್ನು ರೋಗಿಗಳ ಆಸ್ಪತ್ರೆಯನ್ನು ಕೆಡವಿದ ಜಾಗದ ಪಕ್ಕದಲ್ಲೇ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ನನಗೆ ಇದು ಸ್ವಲ್ಪ ಚುಚ್ಚುತ್ತದೆ, ನಿಮಗೆ ಹಾಗೆ ಅನಿಸದೆಯೂ ಇರಬಹುದು.

ಹಸಿವಾಗಿದ್ದರೆ ದ್ವೀಪದಲ್ಲಿ ಹುಡುಕಬೇಡಿ. ಸಬ್‌ವೇ ನಿಲ್ದಾಣಕ್ಕೆ ಬನ್ನಿ, ತುಂಬಾ ಆಳ, ಎಸ್ಕಲೇಟರ್ ಮೇಲೆ ಎಸ್ಕಲೇಟರ್. ದಿನ, ಹೊತ್ತು ನೋಡಿಕೊಂಡು ಎಫ್ ಅಥವಾ ಎಂ ರೈಲು ಬರುತ್ತದೆ, ಬೋರ್ಡ್ ನೋಡಿ. ಮ್ಯಾನ್‌ಹಟನ್ ಕಡೆ ಹತ್ತದೆ ಕ್ವೀನ್ಸ್ ಕಡೆಯದು ಹತ್ತಿ, ಜಾಕ್ಸನ್ ಹೈಟ್ಸ್ ರೂಸ್‌ವೆಲ್ಟ್ ಅವೆನ್ಯೂದಲ್ಲಿ ಇಳಿಯಿರಿ. 74ನೇ ಬೀದಿಯಲ್ಲಿ ದೋಸೆಯೂ ಸಿಗುತ್ತದೆ, ಅಮ್ಮನಿಗೆ ಬೇಕಾದ ಕರಿಬೇವೂ ಸಿಗುತ್ತದೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಬ್ರಾಡ್‌ವೇ ಮೇಲೆ ಎಲ್ಮ್‌ಹರ್ಸ್ಟ್ ಆಸ್ಪತ್ರೆ, 2020ರ ಮಾರ್ಚಿನಲ್ಲಿ ಕೋವಿಡ್ ಸುದ್ದಿಯಲ್ಲಿ ದಿನಾ ಬರುತ್ತಿದ್ದದ್ದು. 1957ರಲ್ಲಿ ದ್ವೀಪದ ಸಿಟಿ ಹಾಸ್ಪಿಟಲ್ ಮುಚ್ಚಿದಾಗ ಅದು ಬಂದು ನೆಲೆಸಿದ್ದು ಇಲ್ಲೇ. ದೋಸೆ ತಿಂದ ಮೇಲೆ ಆ ಕಡೆ ಒಂದು ಸುತ್ತು ಹಾಕಿ, ಗೇಟಿನ ಮೇಲಿನ ಸೂಚನೆಗಳು ಎಷ್ಟು ಭಾಷೆಯಲ್ಲಿವೆ ಅಂತ ಎಣಿಸಿ.